ಬಿದಿರಿನ ಗೋಪುರ, ಉಕ್ಕಿನ ಗೋಪುರ: ಚ್ಯುಂಗ್ ಚೌ ದ್ವೀಪದ ಹಬ್ಬ ಮತ್ತು ಅಲ್ಲಿನ ಜೀವನೋಪಾಯ



ಚೀನಾದ ಹಬ್ಬ ಮತ್ತು ಪ್ರವಾಸೋದ್ಯಮದ ನಂಟಿನ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿದಾಗ ವಿಷಯ ದೊಡ್ಡದಾಯಿತು ಅನಿಸಿತು. ಇಡೀ ಚೀನಾದ ಹಬ್ಬಗಳನ್ನು ಒಂದು ಗಂಟೆಯಲ್ಲಿ ಸುತ್ತಿ ಬರಲು ಹೋದರೆ ಹೆಸರುಗಳ ಪಟ್ಟಿ ಓದಿದಂತಾಗುತ್ತದೆ. ಹಾಗಾಗಿ ಒಂದೇ ಒಂದು ಹಬ್ಬವನ್ನು ಆರಿಸಿಕೊಂಡಿದ್ದೇನೆ. ಅದು ಹಾಂಗ್‌ಕಾಂಗಿಗೆ ಸೇರಿದ ಚ್ಯುಂಗ್ ಚೌ ಎಂಬ ಪುಟ್ಟ ದ್ವೀಪದಲ್ಲಿ ನಡೆಯುವ 'ತಾಯ್ ಪಿಂಗ್ ಚಿಂಗ್ ಜಿಯು'. ಹೊರಗಿನವರ ಬಾಯಲ್ಲಿ ಅದು ಬನ್ನಿನ ಹಬ್ಬ.

ನನ್ನ ಮಾತಿನ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲು ಆ ದ್ವೀಪ ಮತ್ತು ಆ ಆಚರಣೆಯ ಪರಿಚಯ. ಆಮೇಲೆ ಹಬ್ಬದ ದುಡ್ಡು ಯಾವ ಬಾಗಿಲುಗಳಿಂದ ಊರೊಳಕ್ಕೆ ಬರುತ್ತದೆ ಎಂಬುದು. ಮೂರನೆಯದು 1978ರಲ್ಲಿ ನಿಂತುಹೋಗಿ 2005ರಲ್ಲಿ ಮರಳಿ ಬಂದ ಒಂದು ಸ್ಪರ್ಧೆಯ ಕಥೆ. ನನ್ನ ಮುಖ್ಯ ವಾದ ಇರುವುದು ಅಲ್ಲಿ. ಕೊನೆಯಲ್ಲಿ ಈ ವ್ಯವಸ್ಥೆಯ ಹೊರೆಯನ್ನು ಹೊರುವವರ ಬಗ್ಗೆ ಸ್ವಲ್ಪ. ಇದರಿಂದ ನಮ್ಮ ಜಾತ್ರೆಗಳಿಗೆ ಪಾಠ ಕಟ್ಟಿಕೊಡುವ ಉದ್ದೇಶ ನನಗಿಲ್ಲ. ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡುವವರು ಈ ಸಭೆಯಲ್ಲೇ ಇದ್ದಾರೆ.

ಹಾಂಗ್‌ಕಾಂಗ್ ನಗರದ ಸೆಂಟ್ರಲ್ ಪ್ರದೇಶದ 5ನೇ ಸಂಖ್ಯೆಯ ದೋಣಿಕಟ್ಟೆಯಿಂದ ಚ್ಯುಂಗ್ ಚೌಗೆ ದೋಣಿ ಹೊರಡುತ್ತದೆ. ಸಾಧಾರಣ ದೋಣಿಗೆ ಹೆಚ್ಚು ಕಡಿಮೆ ಒಂದು ಗಂಟೆ, ವೇಗದ ದೋಣಿಗೆ ಅದರಲ್ಲಿ ಮೂರನೆಯ ಎರಡು ಪಾಲು ಸಮಯ ಸಾಕು. ಎರಡೂ ತುದಿ ಉಬ್ಬಿ ನಡು ಸಣಕಲಾದ ದ್ವೀಪ ಇದು. ವಿಸ್ತೀರ್ಣ ಎರಡೂವರೆ ಚದರ ಕಿಲೋಮೀಟರಿನ ಆಸುಪಾಸು, ಜನಸಂಖ್ಯೆ 20 ಸಾವಿರದ ಮೇಲೆ. ಆ ಸಣ್ಣ ನಡುವಿನಲ್ಲೇ ಊರಿದೆ: ಒಂದು ಬದಿಗೆ ದೋಣಿಗಳು ತಂಗುವ ಕೊಲ್ಲಿ, ಇನ್ನೊಂದು ಬದಿಗೆ ಮರಳ ದಂಡೆ, ಮಧ್ಯೆ ಇಬ್ಬರು ಎದುರುಬದುರು ಬಂದರೆ ಮೈ ತಾಗುವಂಥ ಓಣಿಗಳು. ಖಾಸಗಿ ಕಾರುಗಳಿಗೆ ಇಲ್ಲಿ ಪ್ರವೇಶವಿಲ್ಲ. ಸೈಕಲ್ಲು, ತಳ್ಳುಗಾಡಿ, ಸಾಮಾನು ಸಾಗಿಸುವ ಪುಟ್ಟ ವಾಹನ, ತುರ್ತು ಕೆಲಸಕ್ಕೆಂದೇ ಕಿರಿದಾಗಿ ಮಾಡಿಸಿದ ಆಂಬುಲೆನ್ಸ್, ಇಷ್ಟೇ.

ಕಾರಿಲ್ಲ ಎಂಬ ಸಂಗತಿ ಮುಂದೆ ನಮ್ಮ ಲೆಕ್ಕಾಚಾರಕ್ಕೆ ಬರುತ್ತದೆ, ಅದನ್ನು ನೆನಪಿನಲ್ಲಿಟ್ಟುಕೊಳ್ಳಿ. ಈ ದ್ವೀಪಕ್ಕೆ ಬಂದವರು ನಡೆಯಲೇಬೇಕು. ನಡೆಯುವವರು ಅಂಗಡಿಗಳ ಮುಂದೆಯೇ ನಡೆಯಬೇಕು.

ಮೊದಲಿನಿಂದಲೂ ಇದು ಮೀನುಗಾರರ ಊರು. ದೋಣಿಯಲ್ಲೇ ಹುಟ್ಟಿ ದೋಣಿಯಲ್ಲೇ ಬಾಳಿದ ತಾಂಕಾ ಜನ, ಪೂರ್ವ ಗುವಾಂಗ್‌ಡಾಂಗ್ ಕರಾವಳಿಯಿಂದ ಬಂದ ಹೊಕ್ಲೊ ಜನ, ಹುಯ್‌ಜೌ, ಚಾವ್‌ಜೌ ಸೀಮೆಯ ವರ್ತಕರು ಇಲ್ಲಿ ನೆಲೆ ನಿಂತರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಚ್ಯುಂಗ್ ಪೊ ತ್ಸಾಯ್ ಎಂಬ ಕಡಲ್ಗಳ್ಳ ತನ್ನ ಕೊಳ್ಳೆಯನ್ನು ಅಡಗಿಸಿಟ್ಟಿದ್ದನೆಂದು ಹೇಳುವ ಗುಹೆಯನ್ನು ಇಂದಿಗೂ ಪ್ರವಾಸಿಗಳಿಗೆ ತೋರಿಸುತ್ತಾರೆ. ಇತ್ತೀಚಿನವರಿಗೆ ಊರು ಗೊತ್ತಿರುವುದು ಇನ್ನೊಂದು ಕಾರಣಕ್ಕೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಹಾಯಿಹಲಗೆಯ ಸ್ಪರ್ಧೆ ಗೆದ್ದು ಹಾಂಗ್‌ಕಾಂಗಿಗೆ ಮೊಟ್ಟಮೊದಲ ಚಿನ್ನ ತಂದ ಲೀ ಲಾಯ್ ಶಾನ್ ಈ ದ್ವೀಪದ ಹುಡುಗಿ. ಮೀನುಗಾರಿಕೆ ಸೊರಗಿದ ಮೇಲೆ ಊರಿಗೆ ಉಳಿದ ದೊಡ್ಡ ಆಸರೆ ಹೊರಗಿನಿಂದ ಬಂದುಹೋಗುವವರದು.

ಈಗ ಹಬ್ಬಕ್ಕೆ ಬರೋಣ. ಊರಿನ ಮುಖ್ಯ ದೇವರು ಪಾಕ್ ತಾಯ್, ಉತ್ತರ ದಿಕ್ಕಿನ ಒಡೆಯ, ಜಲದ ಮೇಲೆ ಅಧಿಕಾರವುಳ್ಳವನು. ಅವನ ಗುಡಿ ಕಟ್ಟಿದ್ದು 1783ರಲ್ಲಿ. ಚಿಂಗ್ ರಾಜವಂಶದ ಕೊನೆಗಾಲದಲ್ಲಿ ದ್ವೀಪಕ್ಕೆ ಮಹಾಮಾರಿ ಬಂತು, ಜನ ಪಾಕ್ ತಾಯ್ ಮೂರ್ತಿಯನ್ನು ಓಣಿ ಓಣಿಯಲ್ಲಿ ಮೆರವಣಿಗೆ ಮಾಡಿ, ಅಲೆಯುವ ಪ್ರೇತಗಳಿಗೆ ಅನ್ನ ಇಟ್ಟು ಬೇಡಿಕೊಂಡರು, ಮಾರಿ ತೊಲಗಿತು. ಹಬ್ಬ ಹುಟ್ಟಿದ ಬಗ್ಗೆ ಹೆಚ್ಚು ಜನ ಹೇಳುವ ಕಥೆ ಇದು. ಕಡಲ್ಗಳ್ಳರ ಕೈಯಲ್ಲಿ ಸತ್ತವರ ಆತ್ಮಶಾಂತಿಗೆ ಶುರುವಾಯಿತು ಎನ್ನುವವರೂ ಇದ್ದಾರೆ. ಕಥೆ ಯಾವುದಾದರೂ ಒಳಗಿನ ತರ್ಕ ಒಂದೇ: ಗತಿಕಾಣದೆ ಹಸಿದಿರುವ ಪ್ರೇತಗಳಿಗೆ ಊಟ ಹಾಕಿದರೆ ಬದುಕಿರುವವರಿಗೆ ನೆಮ್ಮದಿ.

ಚೀನೀ ಪಂಚಾಂಗದ ನಾಲ್ಕನೆಯ ತಿಂಗಳಲ್ಲಿ, ಅಂದರೆ ಸಾಮಾನ್ಯವಾಗಿ ಮೇ ತಿಂಗಳಲ್ಲಿ, ಹಬ್ಬ ಬರುತ್ತದೆ. ಗುಡಿಯ ಮುಂದಿನ ಬಯಲಿನಲ್ಲಿ ಬಿದಿರಿನ ನಾಟಕಶಾಲೆ ಏಳುತ್ತದೆ. ದೇವರೂ ಜನರೂ ನೋಡಲೆಂದು ಅಲ್ಲಿ ಕ್ಯಾಂಟೊನೀಸ್ ಸಂಗೀತ ನಾಟಕ ನಡೆಯುತ್ತದೆ. ದಾವ್ ಪಂಥದ ಪುರೋಹಿತರು ಮಂತ್ರ ಹೇಳುತ್ತಾರೆ. ಕಾಗದ, ಬಿದಿರ ಸಲಾಕೆಗಳಿಂದ ಮಾಡಿದ ಮೂರು ದೊಡ್ಡ ಮೂರ್ತಿಗಳು ನಿಲ್ಲುತ್ತವೆ: ಭೂಮಿಯ ದೇವರು, ಬೆಟ್ಟದ ದೇವರು, ಪ್ರೇತಗಳನ್ನು ಹತೋಟಿಯಲ್ಲಿಡುವ ತಾಯ್ ಸಿ ವಾಂಗ್. ಕೊನೆಯ ರಾತ್ರಿ ತಾಯ್ ಸಿ ವಾಂಗನನ್ನು ಸುಡುತ್ತಾರೆ. ಅವನ ಜತೆಗೆ ಪ್ರೇತಗಳೂ ಹೊರಟವು ಎಂದು ಲೆಕ್ಕ. ಗುಡಿಯೆದುರಿಗೆ ಬಿದಿರಿನ ಮೂರು ಗೋಪುರಗಳನ್ನು ಕಟ್ಟಿ ಅವುಗಳ ಮೈತುಂಬ ಬನ್ನು ಹೊದಿಸುತ್ತಾರೆ. ಹಿಂದೆ ಈ ಗೋಪುರಗಳು ಸುಮಾರು 60 ಅಡಿ ಎತ್ತರಕ್ಕೆ ಏಳುತ್ತಿದ್ದವು.

ಇದರ ಖರ್ಚು ಕೊಡುವವರು ಯಾರು? ಊರ ಸಮಿತಿಯೊಂದು ಇದನ್ನು ನಡೆಸುತ್ತದೆ. ನಮ್ಮಲ್ಲಿ ಊರ ಜಾತ್ರೆಗೆ ಮನೆಗಿಷ್ಟು ಎಂದು ವಂತಿಗೆ ಎತ್ತುವ ಹಾಗೆ ಅಲ್ಲೂ ಮನೆಗಳಿಂದ, ಅಂಗಡಿಗಳಿಂದ, ಓಣಿ ಸಂಘಗಳಿಂದ ದೇಣಿಗೆ ಸೇರುತ್ತದೆ. ಮುಂದಾಳುಗಳ ಆಯ್ಕೆಯೂ ಗುಡಿಯಲ್ಲೇ ಆಗುತ್ತದೆ. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬಾಗಿರುವ ಜೋಡಿ ಮರದ ತುಂಡುಗಳನ್ನು ದೇವರ ಮುಂದೆ ನೆಲಕ್ಕೆ ಹಾಕುತ್ತಾರೆ. ಅವು ಬೀಳುವ ರೀತಿಯನ್ನು ದೇವರ ಅಪ್ಪಣೆಯೆಂದು ಓದುತ್ತಾರೆ. ಹಬ್ಬದ ದಿನವನ್ನು ಕೂಡ ಹಿಂದೆ ಹೀಗೇ ದೇವರನ್ನು ಕೇಳಿ ನಿಶ್ಚಯಿಸುತ್ತಿದ್ದರು. ಪ್ರವಾಸೋದ್ಯಮದ ಬಗ್ಗೆ ಬರೆಯುವವರು ಈ ಭಾಗವನ್ನು ಸಾಮಾನ್ಯವಾಗಿ ಎರಡು ಸಾಲಿನಲ್ಲಿ ಮುಗಿಸುತ್ತಾರೆ. ನಾನು ನಿಧಾನಿಸಿದ್ದಕ್ಕೆ ಕಾರಣ ಇದೆ: ಹಬ್ಬದ ಮೂಲ ಬಂಡವಾಳ ಊರಿನದು. ಪ್ರವಾಸಿ ಒಬ್ಬನೂ ಬಾರದಿದ್ದರೂ ಹಬ್ಬ ನಡೆಯುವಷ್ಟು ಬಂಡವಾಳ ಅದು.

ಈಗ ಎರಡನೆಯ ವಿಷಯ: ದುಡ್ಡು ಬರುವ ಬಾಗಿಲುಗಳು.

ಮೊದಲ ಬಾಗಿಲು ಪಂಚಾಂಗದ್ದು. ಹಬ್ಬದ ಮುಖ್ಯ ಮೆರವಣಿಗೆ ನಾಲ್ಕನೆಯ ತಿಂಗಳ ಎಂಟನೆಯ ದಿನ ನಡೆಯುತ್ತದೆ. ಅದು ಚೀನೀ ಪದ್ಧತಿಯಲ್ಲಿ ಬುದ್ಧ ಹುಟ್ಟಿದ ದಿನವೂ ಹೌದು. 1997ರಲ್ಲಿ ಬ್ರಿಟಿಷ್ ಆಳ್ವಿಕೆ ಮುಗಿದ ಬಳಿಕ, 1999ರಿಂದ, ಹಾಂಗ್‌ಕಾಂಗಿನಲ್ಲಿ ಬುದ್ಧ ಜಯಂತಿ ಸಾರ್ವತ್ರಿಕ ರಜೆಯಾಯಿತು. ಹಬ್ಬದ ದಿನವನ್ನು ಮರದ ತುಂಡು ಹಾಕಿ ಕೇಳುವುದು ನಿಂತು, ಮೆರವಣಿಗೆ ಈ ರಜೆಯ ದಿನಕ್ಕೆ ಗಟ್ಟಿಯಾಗಿ ಕೂತಿತು. ಎಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿರುವ ನಗರಕ್ಕೆ ರಜೆ. ಒಂದು ಗಂಟೆಯ ದೂರದಲ್ಲಿ ವರ್ಷಕ್ಕೊಮ್ಮೆ ಮಾತ್ರ ಕಾಣಸಿಗುವ ಮೆರವಣಿಗೆ. ಯಾವ ಜಾಹೀರಾತು ಸಂಸ್ಥೆಯೂ ಇದಕ್ಕಿಂತ ಹೆಚ್ಚು ಜನರನ್ನು ಸೇರಿಸಲಾರದು. ಅಂದು ಹೆಚ್ಚುವರಿ ದೋಣಿಗಳು ಓಡುತ್ತವೆ, ನಡುರಾತ್ರಿ ಕಳೆದ ಮೇಲೂ ಓಡುತ್ತವೆ. ಭಾನುವಾರ ಮತ್ತು ಸಾರ್ವತ್ರಿಕ ರಜೆಗಳಲ್ಲಿ ದೋಣಿಯ ದರವೂ ಹೆಚ್ಚು. ಈ ದೋಣಿಯ ಹಣ ದ್ವೀಪಕ್ಕೆ ಸೇರುವುದಿಲ್ಲ, ದೋಣಿ ಓಡಿಸುವ ಕಂಪನಿಗೆ ಸೇರುತ್ತದೆ. ಅರ್ಥಶಾಸ್ತ್ರಜ್ಞರು ಪ್ರವಾಸೋದ್ಯಮದ ಸೋರಿಕೆ ಎನ್ನುವುದು ಇದನ್ನೇ. ಆದರೆ ದೋಣಿ ಇಳಿದ ಮೇಲಿನ ಹಣ ಬೇರೆ ದಾರಿ ಹಿಡಿಯುತ್ತದೆ.

ಎರಡನೆಯ ಬಾಗಿಲು ಬನ್ನು. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

'ಪಿಂಗ್ ಓನ್ ಬಾವ್' ಎಂದು ಅದರ ಹೆಸರು. ಮೈದಾ ಹಿಟ್ಟನ್ನು ಹುದುಗು ಬರಿಸಿ, ಉಂಡೆ ಕಟ್ಟಿ, ಒಳಗೆ ಹೂರಣ ತುಂಬಿ ಹಬೆಯಲ್ಲಿ ಬೇಯಿಸುತ್ತಾರೆ. ಹೂರಣ ಮೂರು ಬಗೆ: ತಾವರೆ ಬೀಜದ್ದು, ಕೆಂಪು ಕಾಳಿನದು, ಎಳ್ಳಿನದು. ಬೆಂದ ಬಿಳಿ ಬನ್ನಿನ ನೆತ್ತಿಯ ಮೇಲೆ ಮರದ ಮೊಹರಿನಿಂದ ಕೆಂಪು ಬಣ್ಣದಲ್ಲಿ ಎರಡು ಅಕ್ಷರ ಒತ್ತುತ್ತಾರೆ. ಕ್ಷೇಮವಾಗಿರಲಿ ಎಂಬ ಹಾರೈಕೆ ಅದು. ಊರಿನ ಹಳೆಯ ಬೇಕರಿಗಳಲ್ಲಿ ಕ್ವೊಕ್ ಕಾಮ್ ಕೀ ಹೆಸರುವಾಸಿ. ಹಬ್ಬಕ್ಕೆ ಕೆಲವು ದಿನ ಮೊದಲಿನಿಂದಲೇ ಇಂಥ ಬೇಕರಿಗಳಲ್ಲಿ ಹಬೆಯ ಬುಟ್ಟಿಗಳು ಹಗಲೂ ರಾತ್ರಿ ಏರಿ ಇಳಿಯುತ್ತವೆ. ಹಿಟ್ಟು ನಾದುವವರು, ಹೂರಣ ತುಂಬುವವರು, ಮೊಹರು ಒತ್ತುವವರು, ಹೊರಗೆ ನಿಂತ ಸಾಲನ್ನು ಸಂಭಾಳಿಸುವವರು ಬೇರೆ ಬೇರೆ. ಮೊಹರು ಒತ್ತುವುದು ಮಕ್ಕಳಾಟದ ಹಾಗೆ ಕಾಣುತ್ತದೆ. ಆದರೆ ಅದಕ್ಕೂ ಒಂದು ಹದ ಬೇಕು. ಆ ಹದ ಗೊತ್ತಿರುವ ಕೈಗಳು ಊರಲ್ಲೇ ಇವೆ.

ಈ ಬನ್ನಿನ ಆರ್ಥಿಕ ಗುಣವನ್ನು ಗಮನಿಸಿ. ಮೊದಲನೆಯದಾಗಿ ಇದು ಅಗ್ಗದ ವಸ್ತು. ಬಡ ವಿದ್ಯಾರ್ಥಿಯೂ ಕೊಳ್ಳಬಲ್ಲ, ಹತ್ತು ಜನಕ್ಕೆ ಕಟ್ಟಿಸಿಕೊಂಡು ಹೋಗಬಲ್ಲ. ಎರಡನೆಯದಾಗಿ, ನಗರದ ದೊಡ್ಡ ಬೇಕರಿ ಇದೇ ಬನ್ನನ್ನು ಮಾಡಿದರೂ ಅದಕ್ಕೆ ಈ ಬೆಲೆ ಇಲ್ಲ, ಏಕೆಂದರೆ ಜನ ಕೊಳ್ಳುತ್ತಿರುವುದು ಮೈದಾ ಮತ್ತು ಹೂರಣವನ್ನಷ್ಟೇ ಅಲ್ಲ, ಪಾಕ್ ತಾಯ್ ಬಯಲಿನ ಪ್ರಸಾದಕ್ಕೆ ಹತ್ತಿರದ ಏನನ್ನೋ. ಮೂರನೆಯದು ಬಹಳ ಮುಖ್ಯ: ಹಬ್ಬ ಮುಗಿದರೂ ಬನ್ನಿನ ವ್ಯಾಪಾರ ನಿಲ್ಲುವುದಿಲ್ಲ. ವರ್ಷವಿಡೀ ವಾರಾಂತ್ಯಕ್ಕೆ ಬರುವವರು ಬನ್ನು ಕೇಳುತ್ತಾರೆ. ಬನ್ನಿನ ಆಕಾರದ ಕೀಲಿಗೊಂಚಲು, ಬನ್ನಿನ ಆಕಾರದ ದಿಂಬು, ಬನ್ನಿನ ಚಿತ್ರದ ಅಂಗಿ ಓಣಿಯ ಅಂಗಡಿಗಳಲ್ಲಿ ತೂಗುತ್ತಿರುತ್ತವೆ. ನಾಲ್ಕಾರು ದಿನದ ಹಬ್ಬ ಹನ್ನೆರಡು ತಿಂಗಳ ಗುರುತಿನ ಚಿಹ್ನೆಯಾಯಿತು. ಋತುವಿಗೆ ಕಟ್ಟುಬಿದ್ದ ಹಬ್ಬದ ದೊಡ್ಡ ದೌರ್ಬಲ್ಯ ವರ್ಷದ ಉಳಿದ ದಿನಗಳು. ಚ್ಯುಂಗ್ ಚೌ ಆ ದೌರ್ಬಲ್ಯವನ್ನು ದಾಟಿದ್ದು ಬನ್ನಿನ ಬಲದಿಂದ.

ಮೂರನೆಯ ಬಾಗಿಲು ವಿಚಿತ್ರವಾದದ್ದು. ಮುಚ್ಚಿಕೊಂಡೇ ದುಡ್ಡು ತರುವ ಬಾಗಿಲು ಅದು. ಹಬ್ಬದ ಮುಖ್ಯ ದಿನಗಳಲ್ಲಿ ಮೂರು ದಿನ ದ್ವೀಪ ಸಸ್ಯಾಹಾರಿಯಾಗುತ್ತದೆ. ನೆನಪಿರಲಿ, ಇದು ಮೀನುಗಾರರ ದ್ವೀಪ. ಕೊಲ್ಲಿಯ ದಂಡೆಯ ಉದ್ದಕ್ಕೂ ಇರುವ ಹೋಟೆಲುಗಳು ತೊಟ್ಟಿಗಳಲ್ಲಿ ಜೀವಂತ ಮೀನು, ಸಿಗಡಿ, ಏಡಿ ಇಟ್ಟು ಗಿರಾಕಿಯ ಕಣ್ಣೆದುರೇ ಆರಿಸಿಕೊಡುವಂಥವು. ಮಾಂಸದ ಅಂಗಡಿಗಳು ಬಾಗಿಲು ಹಾಕುತ್ತವೆ. ತೋಫು, ಅಣಬೆ, ತರಕಾರಿಯ ಅಡುಗೆ ಶುರುವಾಗುತ್ತದೆ. ದ್ವೀಪದ ಮೆಕ್‌ಡೊನಾಲ್ಡ್ಸ್ ಕೂಡ ಆ ದಿನಗಳಲ್ಲಿ ಮಾಂಸ ಬಿಟ್ಟು ಅಣಬೆಯ ಬರ್ಗರ್ ಮಾರುತ್ತದೆ. ಅದನ್ನು ತಿನ್ನಲೆಂದೇ ದೋಣಿ ಹತ್ತಿ ಬರುವವರಿದ್ದಾರೆ ಎಂದರೆ ನಿಮಗೆ ನಗು ಬರಬಹುದು. ಒಂದು ಜಾಗತಿಕ ಕಂಪನಿ ಊರಿನ ವ್ರತಕ್ಕೆ ತಲೆಬಾಗಿದ್ದನ್ನು ನೋಡುವುದೇ ಒಂದು ಪ್ರವಾಸಿ ಆಕರ್ಷಣೆಯಾಗಿಬಿಟ್ಟಿದೆ.

ಪ್ರವಾಸಿಗೆ ಅವನು ಕೇಳಿದ್ದನ್ನೆಲ್ಲ ಕೊಡಬೇಕು ಎಂಬುದು ಈ ಉದ್ಯಮದ ಸಾಮಾನ್ಯ ತಿಳಿವಳಿಕೆ. ಇಲ್ಲಿ ಊರು 'ಮೂರು ದಿನ ಮೀನು ಇಲ್ಲ' ಎನ್ನುತ್ತದೆ, ಜನ ಅದಕ್ಕೇ ಬರುತ್ತಾರೆ. ದೇವರ ಹೆಸರಿನಲ್ಲಿ ಒಂದು ನಿರ್ಬಂಧ ಉಳಿದಿದೆ ಎಂಬುದರಿಂದಲೇ ಇದು ಬರಿಯ ಆಹಾರ ಮೇಳವಲ್ಲ ಎಂಬ ನಂಬಿಕೆ ಅವರಿಗೆ ಹುಟ್ಟುತ್ತದೆ. ಮೀನಿನ ಹೋಟೆಲಿನವರಿಗೆ ಆ ಮೂರು ದಿನ ಸಲೀಸೇನಲ್ಲ, ಒಪ್ಪುತ್ತೇನೆ. ಆದರೆ ದ್ವೀಪದ ಹೆಸರನ್ನು ಹಬ್ಬದ ನೆಪದಲ್ಲಿ ಕೇಳಿದವರು ಇನ್ನೊಂದು ಭಾನುವಾರ ಮೀನು ತಿನ್ನಲು ಬರುತ್ತಾರೆ. ಲೆಕ್ಕ ವರ್ಷದ ಕೊನೆಗೆ ಹಾಕಬೇಕಾದದ್ದು.

ನಾಲ್ಕನೆಯದು ಮೆರವಣಿಗೆ, 'ಪಿಯು ಸಿಕ್'. ಐದಾರು ವರ್ಷದ ಮಕ್ಕಳು ವೇಷ ತೊಟ್ಟು ಜನರ ತಲೆಗಳ ಮೇಲೆ ಗಾಳಿಯಲ್ಲಿ ತೇಲುತ್ತಾ ಬರುತ್ತಾರೆ. ಒಬ್ಬಳು ಬೀಸಣಿಗೆಯ ತುದಿಯ ಮೇಲೆ ನಿಂತಿರುತ್ತಾಳೆ, ಇನ್ನೊಬ್ಬ ಕತ್ತಿಯ ಮೊನೆಯ ಮೇಲೆ. ಗುಟ್ಟು ಬಟ್ಟೆಯೊಳಗಿದೆ: ಮಗುವಿನ ಮೈಯಳತೆಗೆ ಬಾಗಿಸಿದ ಉಕ್ಕಿನ ಚೌಕಟ್ಟು, ಅದಕ್ಕೊಂದು ಸಣ್ಣ ಪೀಠ, ಸೊಂಟಕ್ಕೆ ಪಟ್ಟಿ. ಚೌಕಟ್ಟು ಮಾಡುವ ಕೆಲಸ ಓಣಿ ಸಂಘಗಳವರದು, ಅದರಲ್ಲಿ ಒಬ್ಬರಿಗೊಬ್ಬರ ಪೈಪೋಟಿಯೂ ಇದೆ. ವೇಷಗಳು ಪುರಾಣದ ವೀರರಿಂದ ಹಿಡಿದು ಆ ವರ್ಷದ ಸುದ್ದಿಯಲ್ಲಿರುವವರವರೆಗೆ. ಹಾಂಗ್‌ಕಾಂಗಿನ ಆಡಳಿತದ ಮುಖ್ಯಸ್ಥರ ವೇಷ ತೊಟ್ಟ ಪುಟಾಣಿ ಮೇಲಿನಿಂದ ಕೈಬೀಸುವಾಗ ಕೆಳಗೆ ಏಳುವ ನಗೆಯಲ್ಲಿ ಭಕ್ತಿ ಎಷ್ಟು, ಕುಚೇಷ್ಟೆ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಮೆರವಣಿಗೆಯ ಕೊನೆಗೆ ದೇವರುಗಳ ಪಲ್ಲಕ್ಕಿ ಹೊತ್ತವರು ಗುಡಿಯ ಕಡೆಗೆ ಓಟ ಕೀಳುತ್ತಾರೆ. ಛಾಯಾಗ್ರಾಹಕರಿಗೆ, ಟೀವಿಯವರಿಗೆ ಇದಕ್ಕಿಂತ ಒಳ್ಳೆಯ ದೃಶ್ಯ ಬೇಕಿಲ್ಲ. ಊರು ಒಂದು ಡಾಲರನ್ನೂ ಕೊಡದೆ ಜಗತ್ತಿಗೆ ಪರಿಚಯವಾಗುವುದು ಈ ಮಕ್ಕಳಿಂದ.

ಇಲ್ಲಿಯವರೆಗೆ ಹೇಳಿದ ಬಾಗಿಲುಗಳಿಗೆಲ್ಲ ಸಮಾನವಾದ ಒಂದು ಗುಣವಿದೆ. ಕಾರಿಲ್ಲದ, ಓಣಿಗಳ ಊರಿನಲ್ಲಿ ದೊಡ್ಡ ಮಾಲ್‌ಗೆ ಜಾಗವಿಲ್ಲ. ಮೀನಿನ ಉಂಡೆ ಮಾರುವ ಅಂಗಡಿ, ಮಾವಿನಹಣ್ಣಿನ ತುಂಡನ್ನು ಅಕ್ಕಿಹಿಟ್ಟಿನಲ್ಲಿ ಸುತ್ತಿ ಕೊಡುವ ಅಂಗಡಿ, ಸೈಕಲ್ಲು ಬಾಡಿಗೆಗೆ ಕೊಡುವವರು, ಮನೆಯ ಒಂದೆರಡು ಕೋಣೆಯನ್ನು ರಜೆಗೆ ಬಂದವರಿಗೆ ಬಿಟ್ಟುಕೊಡುವವರು, ಹೀಗೆ ದುಡ್ಡು ಸಣ್ಣ ಸಣ್ಣ ಕೈಗಳಿಗೆ ಹಂಚಿಹೋಗುತ್ತದೆ. ಊರಿನ ನಕ್ಷೆಯೇ ಇಲ್ಲಿ ಆರ್ಥಿಕ ನೀತಿಯ ಕೆಲಸ ಮಾಡಿದೆ.

ಸಭಿಕರೆ, ಈಗ ನನ್ನ ವಾದದ ನಡುಭಾಗಕ್ಕೆ ಬರುತ್ತೇನೆ.

ಹಿಂದೆ ಕೊನೆಯ ನಡುರಾತ್ರಿ ಪ್ರೇತಗಳ ಊಟ ಮುಗಿಯಿತು ಎಂಬ ಸೂಚನೆ ಸಿಕ್ಕ ಕೂಡಲೇ ಊರಿನ ಯುವಕರು ಬಿದಿರಿನ ಗೋಪುರಗಳಿಗೆ ಲಗ್ಗೆ ಹಾಕುತ್ತಿದ್ದರು. ಒಂದೇ ಸಲಕ್ಕೆ ನೂರಾರು ಜನ. ಎಷ್ಟು ಎತ್ತರದ ಬನ್ನು ಸಿಕ್ಕಿತೋ ಮನೆಗೆ ಅಷ್ಟು ಅದೃಷ್ಟ. 1978ರಲ್ಲಿ ಗೋಪುರವೊಂದು ಜನರನ್ನು ಹೊತ್ತುಕೊಂಡೇ ಕುಸಿಯಿತು. ಅನೇಕರು ಗಾಯಗೊಂಡರು. ಸರ್ಕಾರ ಬನ್ನು ಕೀಳುವ ಪೈಪೋಟಿಯನ್ನು ನಿಷೇಧಿಸಿತು. ಗೋಪುರಗಳು ಉಳಿದವು, ಪೂಜೆ ಉಳಿಯಿತು, ಮೆರವಣಿಗೆಯೂ ಉಳಿಯಿತು. ಬನ್ನನ್ನು ಮರುದಿನ ಬೆಳಿಗ್ಗೆ ಸಾಲಾಗಿ ನಿಂತವರಿಗೆ ಹಂಚುವ ಪದ್ಧತಿ ಬಂತು. ಕಾಲು ಶತಮಾನಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು.

ಆ ಹೊತ್ತಿಗೆ ಹತ್ತುವುದನ್ನು ಕಣ್ಣಾರೆ ಕಂಡ ತಲೆಮಾರು ನಡುವಯಸ್ಸು ದಾಟಿತ್ತು. 2001ರಲ್ಲಿ ಮೆಕ್‌ಡಲ್ ಎಂಬ ಹಂದಿಮರಿಯ ಬಾಲ್ಯದ ಕಥೆಯ ಆ್ಯನಿಮೇಷನ್ ಚಿತ್ರ ಬಂತು. ಅದರಲ್ಲಿ ಆ ಹಂದಿಮರಿ ಒಲಿಂಪಿಕ್ಸ್‌ಗೆ ಹೋಗುವ ಆಸೆಯಿಂದ ಚ್ಯುಂಗ್ ಚೌಗೆ ಬಂದು, ಲೀ ಲಾಯ್ ಶಾನ್‌ಗೆ ಕಲಿಸಿದ ಗುರುವಿನ ಬಳಿ ಬನ್ನು ಕೀಳುವ ವಿದ್ಯೆ ಕಲಿಯುತ್ತದೆ. ನಿಷೇಧವಾಗಿರುವ, ಯಾವ ಒಲಿಂಪಿಕ್ಸ್‌ನಲ್ಲೂ ಇಲ್ಲದ ವಿದ್ಯೆ! ನಗಿಸುತ್ತಲೇ ಕಣ್ಣು ತೇವ ಮಾಡುವ ಚಿತ್ರ ಅದು, 2003ರಲ್ಲಿ ಫ್ರಾನ್ಸಿನ ಆ್ಯನ್ಸಿ ಆ್ಯನಿಮೇಷನ್ ಉತ್ಸವದ ಅತ್ಯುನ್ನತ ಬಹುಮಾನ ಪಡೆಯಿತು. ಕಳೆದುಹೋದ ಆಟದ ನೆನಪು ನಗರದ ಮನೆ ಮನೆಗೆ ಮರಳಿತು. 2005ರಲ್ಲಿ ಸ್ಪರ್ಧೆ ಮತ್ತೆ ಶುರುವಾಯಿತು.

ಅದನ್ನು ಹೇಗೆ ಮರಳಿ ತಂದರು ಎಂಬುದನ್ನು ಗಮನಿಸಬೇಕು. ಬಿದಿರಿನ ಮೂರು ಗೋಪುರಗಳನ್ನು ಮುಟ್ಟಲಿಲ್ಲ. ಅವುಗಳ ಜತೆಗೆ ಉಕ್ಕಿನ ಇನ್ನೊಂದು ಗೋಪುರ ನಿಲ್ಲಿಸಿದರು, ಸುಮಾರು 14 ಮೀಟರು ಎತ್ತರದ್ದು. ಹತ್ತುವವರಿಗೆ ಪರ್ವತಾರೋಹಣದ ತರಬೇತಿ, ಸೊಂಟಕ್ಕೆ ಸುರಕ್ಷತೆಯ ಹಗ್ಗ, ಮೊದಲೇ ಆಯ್ಕೆಯ ಸುತ್ತು, ಅಂತಿಮವಾಗಿ 12 ಜನ. ಸಮಯ ಮೂರು ನಿಮಿಷ. ತುದಿಯ ಬನ್ನಿಗೆ 9 ಅಂಕ, ನಡುವಿನದಕ್ಕೆ 3, ಕೆಳಗಿನದಕ್ಕೆ 1. ಗೆದ್ದವರಿಗೆ ಬನ್ನು ರಾಜ, ಬನ್ನು ರಾಣಿ ಎಂಬ ಬಿರುದು. ಮೊದಲೆರಡು ವರ್ಷ ನಿಜವಾದ ಬನ್ನು ಬಳಸಿ, 2007ರಿಂದ ಪ್ಲಾಸ್ಟಿಕ್ ಬನ್ನಿಗೆ ಬಂದರು. ಈಗ ಗೋಪುರದ ಮೇಲೆ 9 ಸಾವಿರದಷ್ಟು ಪ್ಲಾಸ್ಟಿಕ್ ಬನ್ನು ಇರುತ್ತವೆ. ಇದನ್ನು ನಡೆಸುವುದರಲ್ಲಿ ಊರ ಸಮಿತಿಯ ಜತೆ ಹಾಂಗ್‌ಕಾಂಗ್ ಸರ್ಕಾರದ ವಿರಾಮ ಮತ್ತು ಸಾಂಸ್ಕೃತಿಕ ಸೇವಾ ಇಲಾಖೆ ಕೈಜೋಡಿಸಿದೆ.

ಪ್ಲಾಸ್ಟಿಕ್ ಬನ್ನು ಎಂದ ಕೂಡಲೇ ಸಂಪ್ರದಾಯ ಪ್ರಿಯರು ಮೂಗು ಮುರಿಯುತ್ತಾರೆ. ಹಬ್ಬ ಸತ್ತಿತು, ಆಟಿಕೆಯಾಯಿತು ಎಂಬ ಟೀಕೆ ಅಲ್ಲೂ ಕೇಳಿಬಂತು. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧ. ತಿನ್ನುವ ವಸ್ತು ಕಾಲಡಿ ಬೀಳುವುದು ತಪ್ಪಿತು ಎಂಬ ಸಣ್ಣ ಲಾಭ ಒಂದು ಕಡೆಗಿರಲಿ. ಪ್ಲಾಸ್ಟಿಕ್ ಎಂಬುದರಿಂದಲೇ ಗೆರೆ ಸ್ಪಷ್ಟವಾಯಿತು. ಉಕ್ಕಿನ ಗೋಪುರ ಪ್ರವಾಸಿಯದು, ಕ್ರೀಡೆಯದು, ಟೀವಿಯದು. ಅದಕ್ಕೆ ಸರ್ಕಾರದ ಹಣ ಬರಲಿ, ಪ್ರಾಯೋಜಕರ ಫಲಕ ಬರಲಿ, ನಿಯಮಗಳು ವರ್ಷ ವರ್ಷ ಬದಲಾಗಲಿ. ಬಿದಿರಿನ ಗೋಪುರದ ಬನ್ನು ಮಾತ್ರ ತಿನ್ನುವ ಬನ್ನು, ಪ್ರೇತಗಳಿಗೆ ಇಟ್ಟದ್ದು, ಊರಿನವರಿಗೆ ಹಂಚುವುದು, ದುಡ್ಡಿಗೆ ಸಿಗದ್ದು. ಎರಡು ಬಗೆಯ ಗೋಪುರಗಳಿದ್ದುದರಿಂದ ಒಂದು ಇನ್ನೊಂದನ್ನು ನುಂಗಲಿಲ್ಲ. ಪ್ರವಾಸೋದ್ಯಮಕ್ಕೆ ಬಲಿಯಾದ ಹಬ್ಬಗಳಲ್ಲಿ ಸಾಮಾನ್ಯವಾಗಿ ಒಂದೇ ಗೋಪುರ ಇರುತ್ತದೆ: ಪೂಜೆಯನ್ನೇ ವೇದಿಕೆಗೆ ತಂದು, ಹೊತ್ತನ್ನು ಬಸ್ಸಿನ ವೇಳೆಗೆ ಹೊಂದಿಸಿ, ಮಂತ್ರಕ್ಕೆ ಮೈಕು ಕಟ್ಟಿ ಮಾರುತ್ತಾರೆ. ಚ್ಯುಂಗ್ ಚೌನವರು ಮಾರುವುದಕ್ಕೆಂದೇ ಬೇರೆ ಒಂದು ವಸ್ತುವನ್ನು ಕಟ್ಟಿದರು.

2011ರಲ್ಲಿ ಈ ಹಬ್ಬ ಚೀನಾದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಮೂರನೆಯ ರಾಷ್ಟ್ರೀಯ ಪಟ್ಟಿಗೆ ಸೇರಿತು. ಹಾಂಗ್‌ಕಾಂಗಿನ ತಾಯ್ ಓ ಊರಿನ ದೋಣಿ ಮೆರವಣಿಗೆ, ತಾಯ್ ಹಾಂಗ್ ಪ್ರದೇಶದ ಬೆಂಕಿ ಡ್ರ್ಯಾಗನ್ ಕುಣಿತ, ಚಾವ್‌ಜೌ ಸಮುದಾಯದ ಯು ಲಾನ್ ಹಬ್ಬವೂ ಆಗಲೇ ಸೇರಿದವು. ಪಟ್ಟಿಗೆ ಸೇರಿದ್ದರಿಂದ ಹೆಸರು ಬಂತು, ಪ್ರವಾಸೋದ್ಯಮ ಮಂಡಳಿಯ ಪ್ರಚಾರಕ್ಕೆ ಇನ್ನೊಂದು ಗರಿ ಸಿಕ್ಕಿತು. ಅದಕ್ಕಿಂತ ಹೆಚ್ಚಿನ ಮಹತ್ವವನ್ನು ನಾನು ಆ ಪಟ್ಟಿಗೆ ಕೊಡುವುದಿಲ್ಲ.

ಇಲ್ಲಿ ಒಂದು ಚಿಕ್ಕ ಅಡ್ಡದಾರಿ. ಹಬ್ಬದಿಂದ ಊರು ಬದುಕುವ ದಾರಿ ಇದೊಂದೇ ಅಲ್ಲ. ಸಿಚುವಾನ್ ಪ್ರಾಂತದ ಜಿಗಾಂಗ್ ನಗರವನ್ನು ನೋಡಿ. ಶತಮಾನಗಳ ಕಾಲ ಉಪ್ಪಿನ ಬಾವಿಗಳಿಂದ ಬಾಳಿದ ಊರು ಅದು. ಹೊಸ ವರ್ಷದ ಹೊತ್ತಿಗೆ ದೀಪದ ಗೂಡುಗಳನ್ನು ಕಟ್ಟುವ ಹಳೆಯ ಪದ್ಧತಿಯನ್ನು 1964ರಲ್ಲಿ ನಗರದ ದೀಪೋತ್ಸವವಾಗಿ ಏರ್ಪಡಿಸಿದರು. ಮುಂದೆ ಅಲ್ಲಿನ ಕುಶಲಕರ್ಮಿಗಳು ತಂತಿ, ರೇಷ್ಮೆಬಟ್ಟೆ, ಬಲ್ಬುಗಳೊಂದಿಗೆ ದೇಶವಿದೇಶದ ಉದ್ಯಾನಗಳಿಗೆ ಹೋಗಿ ಡ್ರ್ಯಾಗನ್, ತಾವರೆಗಳನ್ನು ಕಟ್ಟಿಕೊಡತೊಡಗಿದರು. ಅಲ್ಲಿ ಹಬ್ಬವೇ ಊರು ಬಿಟ್ಟು ರಫ್ತಾಗುತ್ತದೆ. ಚ್ಯುಂಗ್ ಚೌನ ಹಬ್ಬ ಕದಲುವುದಿಲ್ಲ. ಜನ ಅದರ ಬಳಿಗೆ ಬರಬೇಕು. ಮೊದಲನೆಯದರಲ್ಲಿ ಹಣ ಹೆಚ್ಚು. ಎರಡನೆಯದರಲ್ಲಿ ಹಣ ಕಡಿಮೆಯಿದ್ದರೂ ಹಬ್ಬ ಯಾರದು ಎಂಬ ಪ್ರಶ್ನೆ ಏಳುವುದಿಲ್ಲ.

ಕೊನೆಯ ಭಾಗಕ್ಕೆ ಬಂದಿದ್ದೇನೆ: ಹೊರೆ.

ಎರಡೂವರೆ ಚದರ ಕಿಲೋಮೀಟರಿನ ಊರಿಗೆ ಒಂದೇ ದಿನ ಹತ್ತಾರು ಸಾವಿರ ಜನ ಬಂದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ಪೊಲೀಸರು ಓಣಿಗಳನ್ನು ಒಮ್ಮುಖ ಮಾಡುತ್ತಾರೆ. ಸೊಪ್ಪು ತರಲು ಹೊರಟ ಅಜ್ಜಿ ಇಡೀ ಊರು ಸುತ್ತಿ ಮನೆ ಸೇರಬೇಕು. ನಗರದಲ್ಲಿ ಕೆಲಸ ಮಾಡುವ ದ್ವೀಪವಾಸಿಗೆ ತನ್ನ ಮನೆಗೆ ಹೋಗುವ ದೋಣಿಯಲ್ಲಿ ಜಾಗ ಸಿಗುವುದಿಲ್ಲ. ಮರುದಿನ ಬೆಳಿಗ್ಗೆ ಕಸ ಗುಡಿಸಿ, ದೋಣಿಗೇರಿಸಿ ಸಾಗಿಸಬೇಕು. ಬಂದವರಲ್ಲಿ ಹೆಚ್ಚಿನವರು ಅಂದೇ ಬಂದು ಅಂದೇ ಹೋಗುವವರು, ರಾತ್ರಿ ತಂಗುವವರಲ್ಲ. ಪ್ರವಾಸೋದ್ಯಮದ ಲೆಕ್ಕದಲ್ಲಿ ಹೆಚ್ಚು ತುಳಿದು ಕಡಿಮೆ ಖರ್ಚು ಮಾಡುವ ವರ್ಗ ಅದು. ಬನ್ನಿನ ಅಂಗಡಿಗೆ ಸುಗ್ಗಿಯಾದ ದಿನವೇ ಹಬ್ಬಕ್ಕೆ ಸಂಬಂಧವಿಲ್ಲದ ದರ್ಜಿಗೆ, ಔಷಧಿ ಅಂಗಡಿಯವನಿಗೆ ವ್ಯಾಪಾರ ನಷ್ಟ. ಬಿದಿರು ಕಟ್ಟುವವರು, ಕಾಗದದ ಮೂರ್ತಿ ಮಾಡುವವರು, ಹಳೆಯ ಕ್ರಮದಲ್ಲಿ ಮಂತ್ರ ಹೇಳುವವರು ವಯಸ್ಸಾದವರು. ಅವರ ಕಸುಬನ್ನು ಪ್ರವಾಸಿಯ ದುಡ್ಡು ನೇರವಾಗಿ ಮುಟ್ಟುವುದಿಲ್ಲ, ಏಕೆಂದರೆ ಪ್ರವಾಸಿ ಅವರಿಂದ ಏನನ್ನೂ ಕೊಳ್ಳುವುದಿಲ್ಲ. ಈ ವ್ಯವಸ್ಥೆಯ ನಿಜವಾದ ಬಿರುಕು ಇಲ್ಲಿದೆ ಎಂದು ನನ್ನ ಎಣಿಕೆ. ಬನ್ನಿನ ಲಾಭದಲ್ಲಿ ಒಂದು ಪಾಲು ಬಿದಿರಿನವನಿಗೆ ಹೋಗುವುದು ದೇಣಿಗೆಯ ಪುಸ್ತಕದ ಮೂಲಕ ಮಾತ್ರ. ಅಂಗಡಿಯವರು ದೇಣಿಗೆ ಕೊಡುತ್ತಿರುವ ತನಕ ವ್ಯವಸ್ಥೆ ಉಳಿಯುತ್ತದೆ. ಅಂಗಡಿ ಹೊರಗಿನವರ ಕೈಗೆ ಹೋದ ದಿನ, ಆ ಹೊಸ ಮಾಲೀಕ ಪಾಕ್ ತಾಯ್ ಲೆಕ್ಕಕ್ಕೆ ಬರೆಸುತ್ತಾನೆಯೇ?

ಈ ವ್ಯವಸ್ಥೆಗೆ ಒಂದು ಕಠಿಣ ಪರೀಕ್ಷೆಯೂ ಆಯಿತು. ಕೋವಿಡ್ ಕಾರಣದಿಂದ 2020, 2021, 2022, ಮೂರು ವರ್ಷ ಮೆರವಣಿಗೆಯೂ ಇಲ್ಲ, ಉಕ್ಕಿನ ಗೋಪುರವೂ ಇಲ್ಲ. ಮಹಾಮಾರಿಯನ್ನು ಓಡಿಸಲೆಂದು ಹುಟ್ಟಿದ ಹಬ್ಬವನ್ನು ಇನ್ನೊಂದು ಮಹಾಮಾರಿ ತಡೆಯಿತು. ಪೂಜೆಯ ಭಾಗವನ್ನು ಊರಿನವರು ಸಣ್ಣ ಪ್ರಮಾಣದಲ್ಲಿ ನಡೆಸಿದರು. 2023ರಲ್ಲಿ ಮೆರವಣಿಗೆ, ಸ್ಪರ್ಧೆ ಎರಡೂ ಮರಳಿದವು, ಜನವೂ ಮರಳಿದರು. ಪ್ರವಾಸಿಯ ಹಣದಿಂದಲೇ ನಿಂತ ಹಬ್ಬವಾಗಿದ್ದರೆ ಮೂರು ವರ್ಷದ ಬರದಲ್ಲಿ ಅದರ ಸಮಿತಿ ಚದುರಿಹೋಗುತ್ತಿತ್ತು. ಇಲ್ಲಿ ಹಾಗಾಗಲಿಲ್ಲ.

ಈ ಸಭೆಯಲ್ಲಿ ಸಂಶೋಧನೆಗೆ ಕಾಲಿಡುತ್ತಿರುವ ಅನೇಕರಿದ್ದೀರಿ. ನಿಮ್ಮಲ್ಲಿ ನನ್ನದೊಂದು ವಿನಂತಿ. ಯಾವ ದೇಶದ ಯಾವ ಹಬ್ಬವನ್ನೇ ಅಧ್ಯಯನಕ್ಕೆ ಆರಿಸಿಕೊಳ್ಳಿ, ಎಷ್ಟು ಲಕ್ಷ ಜನ ಸೇರಿದರು ಎಂಬ ಇಲಾಖೆಯ ಪ್ರಕಟಣೆಯಿಂದ ಆರಂಭಿಸಬೇಡಿ. ದೇಣಿಗೆಯ ಪುಸ್ತಕದಿಂದ ಆರಂಭಿಸಿ. ಯಾರ ಹೆಸರು ಎಷ್ಟು ವರ್ಷದಿಂದ ಇದೆ, ಯಾವ ಹೆಸರು ಬಿಟ್ಟುಹೋಗಿದೆ, ಹೊಸದಾಗಿ ಸೇರಿದವರು ಯಾರು, ದುಡ್ಡು ಯಾವ ಕಸುಬಿನವರ ಕೈ ಸೇರಿತು ಎಂದು ಸಾಲು ಸಾಲಾಗಿ ಓದಿ. ಆಮೇಲೆ ಬೇಕಾದರೆ ತಲೆ ಎಣಿಸಿ.